ಕೇಳಿದೆ ಎಂದವರ ಮುಖ

ಬೆಳಿಗ್ಗೆ ಏಳು ಗಂಟೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ನನ್ನ ಅಕ್ಕ ಅಂಬುಜಾಕ್ಷಿಯ ಹೊಸ ಮನೆಯ ಮುಂದೆ ನಿಂತು ದೊಡ್ಡನಂಜಯ್ಯನವರು ನುಗ್ಗೆ ಮರದ ವಿಚಾರಕ್ಕೆ ಜಗಳ ತೆಗೆದರು. ಆ ಬೀದಿಯಲ್ಲಿ ನುಗ್ಗೆ ಮರವಿಲ್ಲ.

ದೊಡ್ಡನಂಜಯ್ಯನವರ ಮನೆಯೂ ಆ ಬೀದಿಯಲ್ಲಿಲ್ಲ. ಅವರಿರುವುದು ಊರಿನ ಇನ್ನೊಂದು ತುದಿಗೆ, ಕೋಟೆ ಬಾಗಿಲಿನಲ್ಲಿ, ಅಕ್ಕ ಮಾರಿಬಂದ ಹಳೆಯ ಮನೆಯ ಪಕ್ಕದಲ್ಲಿ. ಅಲ್ಲಿಂದ ಇಲ್ಲಿಗೆ ಅವರು ಬನಿಯನ್ ಮೇಲೆ ಟವೆಲ್ ಹೊದ್ದು, ಒಂದು ಕೆನ್ನೆಗೆ ಹಚ್ಚಿದ ಸೋಪು ಒರೆಸಿಕೊಳ್ಳದೆ, ಪೇಟೆಯ ನಡುವೆಯೇ ನಡೆದು ಬಂದಿದ್ದರು. ನುಗ್ಗೆಯ ಕಂಬಳಿಹುಳ ತಮ್ಮ ತುಳಸಿಕಟ್ಟೆಯ ಮೇಲೆಲ್ಲ ಹರಿದಾಡುತ್ತಿದೆ, ತಾವೇನು ಮನುಷ್ಯರಲ್ಲವೇ ಎಂದು ಕೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, ಸುತ್ತ ನೋಡಿದರು.

"ಅಲ್ಲಾ ಅಂಬುಜಮ್ಮ, ನಾನ್ಯಾಕೆ ಇಲ್ಲಿಗೆ ಬಂದೆ?"

ಅಕ್ಕ ಒಳಗಿನಿಂದ ಸ್ಟೂಲು ತಂದು ಹಾಕಿ ಅವರನ್ನು ಕೂರಿಸಿ, ಕಾಫಿ ತರಲು ಹೋದಳು. ದೊಡ್ಡನಂಜಯ್ಯನವರು ಯಾಕೆ ಬಂದರು ಎನ್ನುವುದು ನಮ್ಮ ಊರಿನ ಯಾರಿಗಾದರೂ ಗೊತ್ತಾಗುವ ಸಂಗತಿ. ಎದುರು ಮನೆಯ ಕಿಟಕಿಯಲ್ಲಿ ಆಗಲೇ ಎರಡು ತಲೆಗಳು ಕಾಣಿಸಿದ್ದವು.

ನಮ್ಮಲ್ಲಿ ಮನೆ ಮಾರುವವರು ಬೀಗದ ಕೈ ಕೊಡುವ ಬೆಳಿಗ್ಗೆ ಅಂಗಳದಲ್ಲಿ ನಿಂತು ಮನೆಯ ಊನಗಳನ್ನು ಒಂದೊಂದಾಗಿ ಹೇಳಬೇಕು. ಕೊಳ್ಳುವವರು ಪ್ರತಿಯೊಂದಕ್ಕೂ "ಕೇಳಿದೆ" ಎನ್ನಬೇಕು. ಹೇಳಿ, ಕೇಳಿಸಿಕೊಂಡ ಊನ ಆ ಮನೆಯಲ್ಲಿಯೇ ಉಳಿಯುತ್ತದೆ. ಹೇಳದೆ ಮುಚ್ಚಿಟ್ಟದ್ದು ಮಾರಿದವರ ಹಿಂದೆಯೇ ಹೊರಟು, ಅವರು ಎಲ್ಲಿ ಹೋಗಿ ನೆಲೆಸಿದರೂ ಅಲ್ಲಿಗೆ ಬರುತ್ತದೆ. ಸೋರುವ ಚಾವಣಿಯಾದರೆ ಸೋರಿಕೆ ಬರುತ್ತದೆ, ಗೆದ್ದಲಾದರೆ ಗೆದ್ದಲು ಬರುತ್ತದೆ. ಜಗಳಗಂಟ ನೆರೆಯವನಾದರೆ ಅವನೇ ಬರುತ್ತಾನೆ. ಹಾಗಾಗಿ ನಮ್ಮ ಊರಿನಲ್ಲಿ ಹೊಸ ಮನೆಗೆ ಹೋದವರ ಗೋಡೆಯಲ್ಲಿ ತೇವ ಕಂಡರೆ ಜನ ಮೇಸ್ತ್ರಿಯನ್ನು ಬೈಯುವುದಿಲ್ಲ. ಏನೋ ಮುಚ್ಚಿಟ್ಟು ಮಾರಿದ್ದಾರೆ ಎಂದು ಮುಖ ತಿರುಗಿಸುತ್ತಾರೆ.

ಅಕ್ಕ ಏನನ್ನೂ ಮುಚ್ಚಿಟ್ಟಿರಲಿಲ್ಲ. ಇದನ್ನು ಅವಳ ತಮ್ಮನಾಗಿ ಹೇಳುತ್ತಿಲ್ಲ. ಈ ಊರಿನ ಪತ್ರಿಕೆಗೆ ಇಪ್ಪತ್ತು ವರ್ಷದಿಂದ ಸುದ್ದಿ ಬರೆಯುತ್ತಿರುವವನಾಗಿ, ವಿಚಾರಿಸಿ ಹೇಳುತ್ತಿದ್ದೇನೆ.

ಅವಳು ಹೊಲಿಗೆಯವಳು. ಮದುವೆ ಸೀರೆಗಳಿಗೆ ರವಿಕೆ ಹೊಲಿಯುವುದರಲ್ಲಿ ಅವಳ ಕೈ ಎಂದರೆ ಸುತ್ತಲ ಊರಿನವರೂ ಹುಡುಕಿಕೊಂಡು ಬರುತ್ತಿದ್ದರು. ಭಾವ ಹೋದ ಮೇಲೆ ಆ ಕೈಯೇ ಅವಳನ್ನು ಸಾಕಿತು. ಕೋಟೆ ಬಾಗಿಲಿನ ಮನೆ ಗಿರಾಕಿಗಳಿಗೆ ದೂರವಾಗುತ್ತಿತ್ತು. ಬಸ್ ನಿಲ್ದಾಣದ ಹಿಂದೆ, ಮುಂದೆ ಅಂಗಡಿ ಹಿಂದೆ ಎರಡು ಕೋಣೆ ಇರುವ, ಹೊಸದಾಗಿ ತಾರಸಿ ಹಾಕಿದ ಮನೆಯೊಂದು ಸಿಕ್ಕಿತು. ಹಳೆಯದನ್ನು ಮಾರಿ ಇದನ್ನು ಕೊಳ್ಳುವುದೆಂದು ನಿರ್ಧಾರವಾಯಿತು. ದಲ್ಲಾಳಿ ತಿಪ್ಪೇಶಿ ಗಿರಾಕಿಯನ್ನು ಕರೆತಂದ. ಗಿರಾಕಿ ಅಕ್ಕಿ ಗಿರಣಿಯ ಹಾಲಪ್ಪ.

ಸಾಮಾನ್ಯವಾಗಿ ದಲ್ಲಾಳಿಗಳು ಮನೆ ಮಾರುವವರಿಗೆ ಕೊಡುವ ಬುದ್ಧಿ ಎಲ್ಲರಿಗೂ ಗೊತ್ತಿರುವುದೇ. ತೇವದ ಗೋಡೆಗೆ ಸುಣ್ಣ ಹೊಡೆಸಿ, ಸಣ್ಣಪುಟ್ಟ ಊನ ಮೊದಲು ಹೇಳಿ, ದೊಡ್ಡದನ್ನು ಕೊನೆಗೆ ಮೆಲ್ಲಗೆ ಹೇಳಿ ಎನ್ನುತ್ತಾರೆ. ಪ್ರತಿ ಊನಕ್ಕೂ ಕೊಳ್ಳುವವರು ಬೆಲೆ ಇಳಿಸಿ ಎಂದು ಹಟ ಹಿಡಿಯುತ್ತಾರೆ, ಅದಕ್ಕೇ ಈ ಬುದ್ಧಿ. ತಿಪ್ಪೇಶಿ ಹಾಗೆ ಹೇಳಲಿಲ್ಲ. "ಒಂದೂ ಬಿಡ್ಬೇಡಿ ಮೇಡಂ, ಎಷ್ಟಿದಾವೋ ಅಷ್ಟೂ ಹೇಳಿ, ಸಾಹುಕಾರ್ರು ದೊಡ್ಡ ಮನಸ್ಸಿನೋರು" ಎಂದನಂತೆ. ಹಾಲಪ್ಪನೂ ಬೆಲೆಯ ಮಾತೇ ಎತ್ತಲಿಲ್ಲ. ತಮ್ಮ ಮನೆತನದಲ್ಲಿ ಊನ ಕೇಳುವುದು ಹಿರಿಯರು, ತನ್ನ ಚಿಕ್ಕಪ್ಪ ಬಂದು ಕೇಳುತ್ತಾರೆ ಎಂದಷ್ಟೇ ಹೇಳಿದ. ಅಕ್ಕ ಅವನನ್ನು ನನ್ನೆದುರು ಹೊಗಳಿದ್ದಳು. ಊನ ಹೇಳುವ ದಿನ ನಾನು ಜಿಲ್ಲಾ ಕಚೇರಿಯ ಸಭೆಯ ವರದಿಗೆ ಪಕ್ಕದ ಊರಿಗೆ ಹೋಗಿದ್ದೆ.

ಅವಳು ಹೇಳಿದ ಊನಗಳು ಇವು. ಮೂಡಣ ಗಾಳಿಯ ಮಳೆ ಬಂದರೆ ಅಡುಗೆಮನೆಯ ಮೂಲೆ ಸೋರುತ್ತದೆ. ನಡುಮನೆಯ ಬಾಗಿಲುವಾಡಕ್ಕೆ ಗೆದ್ದಲು ಹಿಡಿದಿದೆ. ಬಚ್ಚಲಿನ ನೀರು ಆಗಾಗ ಹಿಂದಕ್ಕೆ ಉಕ್ಕುತ್ತದೆ. ಮುಂದಿನ ಮೂರನೇ ಮೆಟ್ಟಿಲು ಉಳಿದವುಗಳಿಗಿಂತ ಎತ್ತರ, ಬಂದವರೆಲ್ಲ ಎಡವುತ್ತಾರೆ. ಪಕ್ಕದ ದೊಡ್ಡನಂಜಯ್ಯನವರು ನುಗ್ಗೆ ಮರದ ಕಂಬಳಿಹುಳಕ್ಕಾಗಿ ಬೆಳಿಗ್ಗೆ ಎದ್ದರೆ ಜಗಳಕ್ಕೆ ಬರುತ್ತಾರೆ, ಮನುಷ್ಯರು ಕೆಟ್ಟವರಲ್ಲ. ಕೊನೆಯ ಮಾತು ಊನದ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಹೇಳದೆ ಇರಲು ಅವಳಿಗೆ ಮನಸ್ಸಾಗಲಿಲ್ಲವಂತೆ. ಪ್ರತಿ ಸಲವೂ ಬೆನ್ನ ಹಿಂದಿನಿಂದ ಗಟ್ಟಿ ಗಂಟಲಿನಲ್ಲಿ "ಕೇಳಿದೆ" ಎಂದು ಉತ್ತರ ಬಂದಿತ್ತು.

ಬೆನ್ನ ಹಿಂದಿನಿಂದ ಎಂದೆ. ನಮ್ಮಲ್ಲಿ ಊನ ಹೇಳುವವರು ಮನೆಯ ಮುಖ ನೋಡಿಕೊಂಡು ನಿಲ್ಲುತ್ತಾರೆ, ಕೊಳ್ಳುವವರು ಅವರ ಹಿಂದೆ ನಿಲ್ಲುತ್ತಾರೆ. ಇಷ್ಟು ವರ್ಷ ನೆರಳು ಕೊಟ್ಟದ್ದನ್ನು ಬೈಯುವಾಗ ಅದರ ಎದುರಿಗೇ ಬೈಯಬೇಕು ಎನ್ನುವುದು ಒಂದು ಕಾರಣ. ಹೇಳುತ್ತ ಹೇಳುತ್ತ ತಿರುಗಿ ನೋಡಿದರೆ ಬೆಲೆಗಾಗಿ ಅಂಗಲಾಚಿದ ಹಾಗೆ ಎನ್ನುವುದು ಇನ್ನೊಂದು. ಮರ್ಯಾದಸ್ಥರು ತಿರುಗುವುದಿಲ್ಲ. ಅಕ್ಕನೂ ತಿರುಗಲಿಲ್ಲ.

ದೊಡ್ಡನಂಜಯ್ಯನವರು ಬಂದುಹೋದ ವಾರದಲ್ಲಿಯೇ ಉಳಿದವೂ ಬಂದವು. ಹೊಸ ಬಾಗಿಲುವಾಡದಿಂದ ಮರದ ಪುಡಿ ಉದುರಿತು. ಅಂಗಡಿಯ ಮೆಟ್ಟಿಲಿನಲ್ಲಿ ಗಿರಾಕಿಗಳು ಎಡವತೊಡಗಿದರು. ಬಚ್ಚಲು ಉಕ್ಕಿತು. ಒಂದು ಮಧ್ಯಾಹ್ನ ಬಿಸಿಲು ಕಾಯುತ್ತಿರುವಾಗಲೇ ಮೂಡಣ ಗಾಳಿ ಬೀಸಿ, ತಾರಸಿಯ ಮೂಲೆಯಿಂದ ನೀರು ತೊಟ್ಟಿಕ್ಕಿತು. ಕೆಳಗೆ ಮದುವೆ ಮನೆಯೊಂದರ ರೇಷ್ಮೆ ಸೀರೆಗಳಿದ್ದವು. ಒಂದರ ಸೆರಗಿನ ಬಣ್ಣ ಇನ್ನೊಂದಕ್ಕೆ ಹತ್ತಿತು.

ಸೀರೆಯವರು ಸಂಭಾವಿತರು. ಕೂಗಾಡಲಿಲ್ಲ. ತಮ್ಮ ಗಂಟು ಕಟ್ಟಿಕೊಂಡು ಹೊರಡುವಾಗ ಆ ಮನೆಯ ಹಿರಿಯಾಕೆ ಗೌರಾಂಬ ಅವರು, "ಹೇಳಿಬಿಟ್ಟಿದ್ರೆ ನಾಲ್ಕು ಕಾಸು ಕಮ್ಮಿ ಆಗ್ತಿತ್ತು ಅಷ್ಟೇ ಅಲ್ವೇನ್ರಿ ಅಂಬುಜಮ್ಮ" ಎಂದರು. ಅಕ್ಕ ತಾನು ಎಲ್ಲವನ್ನೂ ಹೇಳಿದ್ದೇನೆ ಎಂದಳು. ಗೌರಾಂಬ ಅವರು ತೊಟ್ಟಿಕ್ಕುತ್ತಿದ್ದ ಮೂಲೆಯನ್ನು ನೋಡಿ, ಗಂಟು ಎತ್ತಿಕೊಂಡು ಹೊರಟರು. ಮೂರು ದಿನದೊಳಗೆ ಅಂಗಡಿಯ ಕಪಾಟು ಅರ್ಧ ಖಾಲಿಯಾಯಿತು. ಸುಳ್ಳು ಹೇಳಿ ಮನೆ ಮಾರಿದವಳ ಕೈಗೆ ಮಗಳ ಮದುವೆ ಸೀರೆಯನ್ನು ಯಾರು ಕೊಡುತ್ತಾರೆ?

ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಹೊಲಿಗೆ ಯಂತ್ರದ ಮುಂದೆ ಬಟ್ಟೆಯಿಲ್ಲದೆ ಕುಳಿತು ಕಾಲಿನಿಂದ ತುಳಿಯುತ್ತಲೇ ಇದ್ದುದನ್ನು ನೋಡಿದೆ. ಬಹುಶಃ ಏನೋ ಮರೆತಿರಬೇಕು, ಯಾವುದನ್ನೋ ಸರಿಯಾಗಿ ಹೇಳಿರಲಿಕ್ಕಿಲ್ಲ ಎಂದು ತನ್ನನ್ನೇ ಅನುಮಾನಿಸತೊಡಗಿದ್ದಳು. ನನಗೆ ಸಿಟ್ಟು ಬಂದದ್ದು ಅಲ್ಲಿ. ಕಳ್ಳತನಕ್ಕೆ ಒಳಗಾದವರು ತಾವೇ ಕಳ್ಳರೇನೋ ಎಂದು ಜೇಬು ಮುಟ್ಟಿನೋಡಿಕೊಳ್ಳುವ ಹಾಗೆ ಮಾಡುವುದಿದೆಯಲ್ಲ, ಅದಕ್ಕಿಂತ ನೀಚ ಕೆಲಸವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ.

ನಾನು ಕೋಟೆ ಬಾಗಿಲಿಗೆ ಹೋದೆ. ಹಳೆಯ ಮನೆಯ ಗೇಟಿಗೆ ಹೊಸ ಬೋರ್ಡು ತೂಗುಹಾಕಿತ್ತು: "ಊನವಿಲ್ಲದ ಮನೆ ಮಾರಾಟಕ್ಕಿದೆ." ಎದುರಿಗೆ ಹೂವು ಮಾರುವ ಪುಟ್ಟತಾಯಮ್ಮ ಊನ ಹೇಳಿದ ದಿನವೂ ಅಲ್ಲಿಯೇ ಕುಳಿತಿದ್ದವಳು. ಏನು ನೋಡಿದೆ ಎಂದು ಕೇಳಿದೆ. ಹಾಲಪ್ಪನ ಚಿಕ್ಕಪ್ಪ ರುದ್ರಯ್ಯನವರು ಅಕ್ಕನ ಹಿಂದೆ ನಿಂತಿದ್ದರು, ತಿಪ್ಪೇಶಿ ಅವರ ಹಿಂದೆ ನಿಂತಿದ್ದ ಎಂದಳು.

"ತಿಪ್ಪೇಶಿ ಹೆಗಲು ಮುಟ್ತಿದ್ದ, ಅಜ್ಜ ಕೇಳಿದೆ ಅಂತಿತ್ತು. ಒಂದ್ಸಲ ನಿಮ್ಮಕ್ಕ ಇನ್ನೂ ಬಾಯೇ ಬಿಟ್ಟಿರ್ಲಿಲ್ಲ, ಆಗ್ಲೂ ಕೇಳಿದೆ ಅಂತು."

ಅದನ್ನು ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ, ದೊಡ್ಡ ಮನೆಯವರ ಪದ್ಧತಿ ಹಾಗಿರಬಹುದು ಅಂದುಕೊಂಡೆ ಎಂದು ಮಾಲೆ ಕಟ್ಟುವುದನ್ನು ಮುಂದುವರಿಸಿದಳು.

ರುದ್ರಯ್ಯನವರು ಜೀವನವೆಲ್ಲ ಗಿರಣಿಯಲ್ಲಿ ಭತ್ತ ಸುಲಿಯುವ ಯಂತ್ರದ ಪಕ್ಕದಲ್ಲಿ ನಿಂತವರು. ಅವರ ಎರಡು ಕಿವಿಯೂ ಹೋಗಿ ಬಹಳ ಕಾಲವಾಗಿದೆ ಎನ್ನುವುದನ್ನು ಗಿರಣಿಯ ಇಬ್ಬರು ಆಳುಗಳು ಬೇರೆ ಬೇರೆಯಾಗಿ ನನಗೆ ಖಚಿತಪಡಿಸಿದರು. ಕೇಳಿಸಿಕೊಳ್ಳದ ಊನ ಹೇಳದ ಊನದ ಲೆಕ್ಕಕ್ಕೇ ಬಂದು ಮಾರಿದವರ ಹಿಂದೆ ಹೊರಡುತ್ತದೆ, ಕೊಂಡವನಿಗೆ ಊನವಿಲ್ಲದ ಮನೆ ಉಳಿಯುತ್ತದೆ. ಹಾಲಪ್ಪ ಇದೇ ರೀತಿ ಇದಕ್ಕೆ ಮೊದಲು ಎರಡು ಮನೆ ಕೊಂಡಿದ್ದ. ಒಂದು ಮನೆಯನ್ನು ಮಾರಿದ ಡ್ರಾಯಿಂಗ್ ಮೇಷ್ಟರು ವಾಸುದೇವ ಅವರ ಬಾಡಿಗೆ ಕೋಣೆಗೆ ಹಾವು ಬರಲು ಶುರುವಾಗಿ, ಮುಚ್ಚಿಟ್ಟು ಮಾರಿದವರು ಎಂದು ಊರೆಲ್ಲ ಆಡಿಕೊಂಡ ಮೇಲೆ, ಅವರು ಊರನ್ನೇ ಬಿಟ್ಟಿದ್ದರು. ಆಗ ಆಡಿಕೊಂಡವರಲ್ಲಿ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಊನ ಕೇಳಿಯೂ ಬೆಲೆ ಇಳಿಸದ ಗಿರಾಕಿ ನಿಜವಾಗಿ ಊನ ಕೇಳಿದನೇ?

ಗಿರಣಿಯ ಕಚೇರಿಯಲ್ಲಿ ಹಾಲಪ್ಪ ನನಗೆ ಮಜ್ಜಿಗೆ ತರಿಸಿದ. ನಾನು ಕುಡಿಯಲಿಲ್ಲ. ವಿಷಯ ಹೇಳಿದೆ. ಅವನು ಅಲ್ಲಗಳೆಯಲೂ ಇಲ್ಲ.

"ಕೇಳಿದೆ ಅನ್ಬೇಕು, ಅನ್ನಿಸಿದೀವಿ. ಕಿವಿ ಇರ್ಬೇಕು ಅಂತ ಯಾವ ರೂಲಿನಲ್ಲಿದೆ, ತೋರ್ಸಿ."

"ನಮ್ಮಕ್ಕನ ಅಂಗಡಿ ಮುಚ್ಚೋ ಹಾಗಾಗಿದೆ ಸಾಹುಕಾರ್ರೇ."

"ಅದಕ್ಕೆ ನಾನೇನ್ ಮಾಡ್ಲಿ? ಊನ ನಿಮ್ಮ ಮನೇದೇ ತಾನೆ? ನಿಮ್ಮನೇದು ನಿಮ್ಮನೆಗೆ ಬಂದಿದೆ."

ತಿಪ್ಪೇಶಿ ಮೂಲೆಯಲ್ಲಿ ಕುಳಿತು ನಕ್ಕ. ಆ ನಗೆಯೂ ನನ್ನ ವರದಿಯಲ್ಲಿತ್ತು. ವರದಿ ಅಚ್ಚಾಗಲಿಲ್ಲ. "ಊನವಿಲ್ಲದ ಮನೆ" ಎಂಬ ಹಾಲಪ್ಪನ ಜಾಹೀರಾತು ನಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ವಾರವಿಡೀ ಬರುತ್ತಿತ್ತು. ಸಂಪಾದಕರು ಅದನ್ನು ಕಾರಣವಾಗಿ ಹೇಳಲಿಲ್ಲ. ಇಂಥದ್ದನ್ನು ಹಾಕಿದರೆ ಕಿವಿ ಕೇಳಿಸದವರಿಗೆ ಅವಮಾನ ಮಾಡಿದ ಹಾಗಾಗುತ್ತದೆ, ಸೂಕ್ಷ್ಮ ವಿಚಾರ ಎಂದರು. ಕಿವಿ ಕೇಳಿಸದ ಒಬ್ಬ ಮುದುಕನನ್ನು ಹೆಗಲು ತಟ್ಟಿ ಸುಳ್ಳುಸಾಕ್ಷಿ ಮಾಡಿದ್ದು ಅವಮಾನವಲ್ಲ, ಅದನ್ನು ಬರೆಯುವುದು ಅವಮಾನ. ನಾನು ವರದಿಯನ್ನು ವಾಪಸು ತೆಗೆದುಕೊಂಡು ಬಂದು ಅಕ್ಕನ ಮುಂದೆ ಓದಿದೆ.

ಅವಳು ಕೊನೆಯವರೆಗೆ ಕೇಳಿದಳು. ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ನಿರಾಳ. ತಾನು ಏನನ್ನೂ ಮರೆತಿರಲಿಲ್ಲ ಎನ್ನುವುದು ಅವಳಿಗೆ ಈಗ ಖಚಿತವಾಯಿತು. ಸಿಟ್ಟು ಆಮೇಲೆ ಬಂತು, ಅದು ಹಾಲಪ್ಪನ ಮೇಲಿರುತ್ತದೆ ಎಂದು ನಾನು ಕಾದರೆ ನನ್ನ ಮೇಲೆ ತಿರುಗಿತು.

"ಆ ಅಜ್ಜನ್ನ ಮಾತಾಡಿಸ್ದೇನೋ ಗೋವಿಂದು?"

ಇಲ್ಲ ಎಂದೆ. ಅವರಿಗೆ ಕಿವಿ ಕೇಳಿಸುವುದಿಲ್ಲವಲ್ಲ ಎಂದೆ.

"ಕಿವಿ ಕೇಳಿಸದೆ ಇರೋರು ನನ್ನ ಅಂಗಡಿಗೂ ಬರ್ತಾರೆ ಕಣೋ. ಒಬ್ರ ರವಿಕೆನೂ ಬಿಗಿ ಆಗಿಲ್ಲ."

ಎರಡನೇ ಸಲ ಊನ ಹೇಳಿದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಹೇಳಿದರೆ ನಡೆಯುತ್ತದೆಯೇ ಎನ್ನುವುದು ಯಾರಿಗೂ ಗೊತ್ತಿಲ್ಲ. ಮನೆ ಮತ್ತೊಬ್ಬರ ಕೈಗೆ ಹೋಗುವ ಮೊದಲೇ ಪ್ರಯತ್ನ ಮಾಡಬೇಕು ಎನ್ನುವುದು ಮಾತ್ರ ನಮಗೆ ಹೊಳೆಯಿತು. ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಅವಳು ಬಟ್ಟೆಯ ಚೀಲವೊಂದನ್ನು ತುಂಬಿಕೊಂಡು ಹೊರಟಳು. ಅದರಲ್ಲಿ ಸೋರಿದ ನೀರಿಗೆ ಬಣ್ಣ ಹತ್ತಿದ ರವಿಕೆಯ ತುಂಡು, ಗೆದ್ದಲು ತಿಂದ ಬಾಗಿಲುವಾಡದ ಚೂರು, ಬಚ್ಚಲಿನಿಂದ ಉಕ್ಕಿದ ನೀರಿನ ಬಾಟಲಿ ಇದ್ದವು. ಆ ಬೆಳಿಗ್ಗೆಯೂ ಬಂದು ಜಗಳವಾಡಿ ಕಾಫಿ ಕುಡಿಯುತ್ತ ಕುಳಿತಿದ್ದ ದೊಡ್ಡನಂಜಯ್ಯನವರನ್ನೂ ಏಳಿಸಿದಳು.

"ನಾನ್ಯಾಕಮ್ಮ?"

"ನೀವೂ ಒಂದು ಊನ ಅಲ್ವೇ ನಂಜಯ್ಯನೋರೇ, ಬನ್ನಿ."

ಅವರು ಟವೆಲ್ ಸರಿಪಡಿಸಿಕೊಂಡು ಎದ್ದರು. ದಿನಾ ಊರು ಸುತ್ತಿ ತಮಗೂ ಕಾಲು ನೋವು ಹಿಡಿದಿದೆ ಎಂದರು.

ರುದ್ರಯ್ಯನವರು ಹಳೆಯ ಮನೆಯ ಜಗಲಿಯ ಮೇಲೆ ಕುಳಿತಿದ್ದರು. ಮನೆ ನೋಡಲು ಬಂದವರಿಗೆ ಬಾಗಿಲು ತೆಗೆಯಲು ಹಾಲಪ್ಪ ಅವರನ್ನು ಅಲ್ಲಿ ಕೂರಿಸಿದ್ದ. ಅಕ್ಕ ಅವರೆದುರು ನೆಲದ ಮೇಲೆ ಕುಳಿತು, ಅವರು ತನ್ನ ಮುಖ ನೋಡುವವರೆಗೂ ಕಾದಳು. ಆಮೇಲೆ ಮೊದಲು ಮನೆಯನ್ನು, ನಂತರ ತನ್ನನ್ನು ತೋರಿಸಿದಳು. ಅವರಿಗೆ ಗುರುತು ಹತ್ತಿತು. ಕೈ ಮುಗಿದರು.

"ಪೂಜೆ ಮಾಡ್ದೋರು ನೀವೇ ಅಲ್ವೇನಮ್ಮ?" ಎಂದರು, ಕಿವಿ ಕೇಳಿಸದವರ ಆ ಗಟ್ಟಿ ಗಂಟಲಿನಲ್ಲಿ. ಆ ದಿನ ಹಾಲಪ್ಪ ಕೈ ಮುಗಿದು ಮನೆಯ ಕಡೆ ತೋರಿಸಿದ್ದನಂತೆ. ಪೂಜೆ ನಡೆಯುತ್ತಿದೆ, ಹೆಗಲು ಮುಟ್ಟಿದಾಗ ಹಿರಿಯರಾಗಿ ಮಂತ್ರಕ್ಕೆ ಕೇಳಿದೆ ಎಂದು ಒಪ್ಪಿಗೆ ಹೇಳಬೇಕು ಎಂದು ಅವರು ತಿಳಿದಿದ್ದರು.

ಅಕ್ಕ ತಲೆಯಾಡಿಸಿ ಅಲ್ಲವೆಂದಳು. ಚೀಲ ಬಿಚ್ಚಿದಳು. ರವಿಕೆಯ ತುಂಡನ್ನು ಅವರ ಕೈಗಿಟ್ಟು ಅಡುಗೆಮನೆಯ ಮೂಲೆಯನ್ನು ತೋರಿಸಿ, ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ತೊಟ್ಟಿಕ್ಕಿಸಿದಳು. ಮರದ ಚೂರನ್ನು ಅವರ ಅಂಗೈ ಮೇಲೆ ಪುಡಿ ಮಾಡಿ ಬಾಗಿಲುವಾಡವನ್ನು ತೋರಿಸಿದಳು. ಬಾಟಲಿಯ ಮುಚ್ಚಳ ತೆಗೆದಾಗ ಅವರು ಮೂಗು ಮುಚ್ಚಿಕೊಂಡರು. ಮೂರನೇ ಮೆಟ್ಟಿಲಿನ ಬಳಿ ಹೋಗಿ ಎಡವಿದ ಹಾಗೆ ನಟಿಸಿದಳು. ಕೊನೆಗೆ ದೊಡ್ಡನಂಜಯ್ಯನವರನ್ನು ಮುಂದೆ ತಳ್ಳಿದಳು. ಅವರು ಮೊದಲು ನಾಚಿಕೊಂಡರು. ನುಗ್ಗೆ ಮರ ಕಣ್ಣಿಗೆ ಬಿದ್ದದ್ದೇ ತಡ, ಕೈ ಮೇಲೆ ಕಂಬಳಿಹುಳ ಹರಿದ ಹಾಗೆ ಬೆರಳು ಓಡಿಸಿ, ಮೈ ಕೆರೆದುಕೊಂಡು, ಸೊಂಟಕ್ಕೆ ಟವೆಲ್ ಬಿಗಿದು ಪೂರ್ತಿ ಜಗಳವನ್ನು ಆಡಿಬಿಟ್ಟರು. ರುದ್ರಯ್ಯನವರು ನಕ್ಕರು. ನಗುತ್ತಿದ್ದವರು ನಗು ನಿಲ್ಲಿಸಿದರು. ತಮ್ಮ ಹೆಗಲನ್ನು ತಾವೇ ಮುಟ್ಟಿ ನೋಡಿಕೊಂಡರು.

ಅಷ್ಟರಲ್ಲಿ ಹಾಲಪ್ಪ ಬಂದ, ತಿಪ್ಪೇಶಿಯೂ ಜೊತೆಗಿದ್ದ. ಪುಟ್ಟತಾಯಮ್ಮನ ಸುತ್ತ ಆಗಲೇ ಬೀದಿಯ ಜನ ಸೇರಿದ್ದರು. ಮುಗಿದುಹೋದ ವ್ಯವಹಾರ, ಗೇಟಿನಿಂದ ಆಚೆ ನಡೆಯಿರಿ ಎಂದು ಹಾಲಪ್ಪ ಅಬ್ಬರಿಸಿದ. ಅಕ್ಕ ಕದಲಲಿಲ್ಲ. ಹಾಲಪ್ಪ ಚಿಕ್ಕಪ್ಪನ ಕಡೆ ತಿರುಗಿ, ಮನೆಯೊಳಗೆ ಹೋಗಿ ಎಂದು ಸನ್ನೆ ಮಾಡಿದ. ರುದ್ರಯ್ಯನವರು ಒಳಗೆ ಹೋಗದೆ ಅವನ ಕಡೆ ತಿರುಗಿದರು.

"ನನ್ನ ಬಾಯಿಂದ ಏನ್ ಅನ್ಸಿದ್ಯೋ ಹಾಲ?"

ಅವನು ಉತ್ತರ ಕೊಟ್ಟಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಅಕ್ಕ ರುದ್ರಯ್ಯನವರ ಕೈ ಹಿಡಿದು ಅಂಗಳಕ್ಕೆ ಇಳಿಸಿಕೊಂಡು ಬಂದಳು. ಈ ಸಲ ಮನೆಗೆ ಬೆನ್ನು ಹಾಕಿ, ರುದ್ರಯ್ಯನವರ ಮುಖಕ್ಕೆ ಮುಖ ಕೊಟ್ಟು ನಿಂತಳು. ಜನರ ನಡುವೆ ಗುಜುಗುಜು ಎದ್ದಿತು. ಯಾರೋ ಹೆಂಗಸು, ಅಯ್ಯೋ ತಿರುಗಿ ನಿಂತ್ಲಲ್ಲೇ ಎಂದಳು. ಅಕ್ಕ ಒಂದೊಂದೇ ಊನವನ್ನು ಬಾಯಿಯಿಂದ ನಿಧಾನವಾಗಿ ಹೇಳಿ, ಕೈಯಿಂದ ತೋರಿಸಿದಳು. ಸೋರಿಕೆ ಹೇಳಿದಳು. ರುದ್ರಯ್ಯನವರು ಅವಳ ತುಟಿಯನ್ನೂ ಕೈಯನ್ನೂ ನೋಡಿ, ಒಂದು ಗಳಿಗೆ ಬಿಟ್ಟು, "ಕೇಳಿದೆ" ಎಂದರು. ಗೆದ್ದಲು ಹೇಳಿದಳು. ತಿಪ್ಪೇಶಿ ಗಾಬರಿಗೋ ಅಭ್ಯಾಸಕ್ಕೋ ಅವರ ಹೆಗಲಿಗೆ ಕೈ ಚಾಚಿದ. ಅವರು ಆ ಕೈಯನ್ನು ಸೊಳ್ಳೆ ಓಡಿಸುವ ಹಾಗೆ ಸರಿಸಿ, "ಕೇಳಿದೆ" ಎಂದರು. ಬಚ್ಚಲು, ಮೆಟ್ಟಿಲು ಆದವು. ದೊಡ್ಡನಂಜಯ್ಯನವರ ಸರದಿ ಬಂದಾಗ ಅಕ್ಕ ಜಗಳದ ಸನ್ನೆ ಮಾಡಿ, ಆಮೇಲೆ ಮೊದಲ ಸಲದ ಹಾಗೆಯೇ, ಮನುಷ್ಯರು ಕೆಟ್ಟವರಲ್ಲ ಎಂದು ಎದೆಯ ಮೇಲೆ ಕೈಯಿಟ್ಟು ತೋರಿಸಿದಳು.

"ಅದನ್ನೂ ಕೇಳಿದೆ" ಎಂದರು ರುದ್ರಯ್ಯನವರು.

ಏನೂ ಆಗಲಿಲ್ಲ. ಮನೆ ಇದ್ದ ಹಾಗೆಯೇ ಇತ್ತು. ಹಾಲಪ್ಪ ಜನರ ಕಡೆ ನೋಡಿ, ನಾಟಕ ಮುಗಿಯಿತಲ್ಲ ಹೊರಡಿ ಎಂದ. ರುದ್ರಯ್ಯನವರು ನನ್ನನ್ನು ಹತ್ತಿರ ಕರೆದು, ಇನ್ನೂ ಎರಡು ಮನೆಗಳಲ್ಲಿ ತಮ್ಮಿಂದ ಹೀಗೇ ಅನ್ನಿಸಿದ್ದಾರೆ, ಆ ಮೇಷ್ಟರು ಈಗ ಎಲ್ಲಿದ್ದಾರೆ ಎಂದು ಕೇಳಿದರು. ವರದಿಗಾಗಿ ವಿಚಾರಿಸುವಾಗ ಸಿಕ್ಕಿದ್ದ ವಿಳಾಸವನ್ನು ನಾನು ಬರೆದುಕೊಟ್ಟೆ. ಅವರು ಅದನ್ನು ಮಡಚಿ ಬನಿಯನ್ನಿನ ಜೇಬಿಗೆ ಹಾಕಿಕೊಂಡು, ಅಣ್ಣನ ಮಗನ ಕಡೆ ನೋಡದೆ ಗೇಟು ದಾಟಿ ಹೋದರು.

ದಾರಿಯಲ್ಲಿ ನಾನು, ಇದು ನಡೆಯದಿದ್ದರೂ ಜನಕ್ಕೆ ಸತ್ಯ ಗೊತ್ತಾಯಿತಲ್ಲ ಎಂದು ಸಮಾಧಾನ ಹೇಳಲು ಹೋದೆ. ಜನಕ್ಕೆ ಗೊತ್ತಾದರೆ ಸೀರೆ ಒಣಗುತ್ತದೆಯೇ ಎಂದಳು ಅಕ್ಕ. ಅಂಗಡಿಗೆ ಬಂದು, ತಾರಸಿಯ ಮೂಲೆಯ ಕೆಳಗೆ ಇಟ್ಟಿದ್ದ ಬೋಗುಣಿಯನ್ನು ಮುಟ್ಟದೆ ಹಾಗೆಯೇ ಬಿಟ್ಟಳು. ಸಂಜೆಯವರೆಗೆ ಗಾಳಿ ಬೀಸಲಿಲ್ಲ, ಹಾಗಾಗಿ ಏನೂ ತಿಳಿಯಲಿಲ್ಲ.

ಈ ಊರಿನಲ್ಲಿ ಮನೆ ಮಾರಲಿರುವವರಿಗೆ ಹೇಳಬೇಕಾದದ್ದನ್ನು ನಾನು ಪತ್ರಿಕೆಯಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಎಲ್ಲವನ್ನೂ ಹೇಳಿ, ಹೇಳುವಾಗ ತಿರುಗಿ ನಿಲ್ಲಿ. ಕೇಳಿದೆ ಎಂದವರ ಮುಖ ನೋಡದೆ ಬೀಗದ ಕೈ ಕೊಡಬೇಡಿ. ಅಂಗಲಾಚಿದ ಹಾಗೆ ಕಂಡರೆ ಕಾಣಲಿ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಕ್ಕ ಸ್ಟೂಲನ್ನು ಹೊರಗೆ ಹಾಕಿ, ದೊಡ್ಡನಂಜಯ್ಯನವರಿಗೆಂದು ಕಾಫಿ ತಂದಿಟ್ಟಳು. ಇಬ್ಬರೂ ಬೀದಿಯ ತುದಿಯನ್ನೇ ನೋಡುತ್ತ ನಿಂತೆವು. ಹಾಲಿನವನು ಹೋದ, ಮೊದಲ ಬಸ್ಸು ಹೋಯಿತು. ಎದುರು ಮನೆಯ ಕಿಟಕಿ ತೆರೆಯಿತು. ದೊಡ್ಡನಂಜಯ್ಯನವರು ಬರಲಿಲ್ಲ. ಏಳೂವರೆಗೆ ಅಕ್ಕ ಆರಿದ ಕಾಫಿಯನ್ನು ತಾನೇ ಕುಡಿದು, ಲೋಟ ತೊಳೆದಿಟ್ಟು, ಅಂಗಡಿಯ ಬಾಗಿಲು ತೆಗೆದಳು.